ಡಯಾಲಿಸಿಸ್ ಕುರ್ಚಿಯಲ್ಲಿ ಕ್ರಿಸ್ತನ ಜೊತೆ: ನನ್ನ ಅನುಭವ

ಕಿಡ್ನಿ ಕೆಟ್ಟವರನ್ನು ಸೂಜಿಗಿಂತ ಜಾಸ್ತಿ ಕಾಡುವುದು ಬಾಯಾರಿಕೆ. ಹೊರಗಿನವರಿಗೆ ಇದು ಬೇಗ ತಿಳಿಯುವುದಿಲ್ಲ. ಮೂತ್ರ ನಿಂತುಹೋದ ಮೇಲೆ ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ. ಕಾಲು ಬಾತುಕೊಳ್ಳುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಮಲಗಲಿಕ್ಕೂ ಆಗುವುದಿಲ್ಲ. ಅದಕ್ಕೇ ಡಾಕ್ಟರು ದಿನಕ್ಕೆ ಇಷ್ಟೇ ಎಂದು ಲೆಕ್ಕ ಹಾಕಿಕೊಡುತ್ತಾರೆ. ಚಹಾ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ನೀರು, ಎಲ್ಲ ಆ ಲೆಕ್ಕದೊಳಗೇ. ಎಳನೀರಂತೂ ಬೇಡವೇ ಬೇಡ. ಅದರಿಂದ ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ತಾಳ ತಪ್ಪುತ್ತದೆ. ಧಾರವಾಡದ ಏಪ್ರಿಲ್ ಬಿಸಿಲಲ್ಲಿ ಇದು ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ.

ನಾನು ನಿವೃತ್ತ ಶಾಲಾ ಶಿಕ್ಷಕಿ. ನಮ್ಮದು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ) ಕಾಲದಿಂದ ಸಭೆಗೆ, ಅಂದರೆ ಚರ್ಚಿಗೆ, ಹೋಗುವ ಮನೆತನ. ಕ್ರಿಸ್ತನ ಜೊತೆ ಶಿಲುಬೆಗೆ ಹಾಕಲ್ಪಟ್ಟಿದ್ದೇನೆ, ಈಗ ಬದುಕುವುದು ನಾನಲ್ಲ, ಕ್ರಿಸ್ತನೇ ನನ್ನಲ್ಲಿ ಬದುಕುತ್ತಾನೆ ಎಂದು ಬೈಬಲಿನಲ್ಲಿ ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಮಾತು ಸಂಡೇ ಸ್ಕೂಲಿನಿಂದ ಬಾಯಿಪಾಠ. ಅದು ನನ್ನ ಮೈಗೆ ಇಳಿದದ್ದು ಮಾತ್ರ ಈ ಬಾಯಾರಿಕೆಯಲ್ಲಿ. ಕಿಡ್ನಿಯ ಬದಲು ಮಷೀನಿನಿಂದ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್‌ನಲ್ಲಿ ಹೇಗೆ ಪ್ರಾರ್ಥನೆ ಮಾಡುತ್ತೀರಿ ಅಂತ ಸಭೆಯಲ್ಲಿ ಹಲವರು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುಭ ಶುಕ್ರವಾರ (ಗುಡ್ ಫ್ರೈಡೇ) ನಮ್ಮಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ. ಐದನೆಯ ಮಾತು ಎಲ್ಲಕ್ಕಿಂತ ಚಿಕ್ಕದು: ನನಗೆ ನೀರಡಿಕೆಯಾಗಿದೆ. ಸುವಾರ್ತೆ ಬರೆದ ನಾಲ್ವರಲ್ಲಿ ಇದನ್ನು ಬರೆದಿಟ್ಟವನು ಯೋಹಾನ ಮಾತ್ರ. ಸಮಾರ್ಯದ ಬಾವಿಯ ಹತ್ತಿರ, ನಾನು ಕೊಡುವ ನೀರು ಕುಡಿದವರಿಗೆ ಎಂದೂ ನೀರಡಿಕೆಯಾಗದು ಅಂದವನ ಮಾತನ್ನು ಬರೆದವನೂ ಅದೇ ಯೋಹಾನ. ಮೊದಲು ರಕ್ತಬೋಳ ಎಂಬ ಕಹಿ ಅಂಟು ಬೆರೆಸಿದ ದ್ರಾಕ್ಷಾರಸ ಕೊಟ್ಟಾಗ ಯೇಸು ಸ್ವಾಮಿ ತೆಗೆದುಕೊಳ್ಳಲಿಲ್ಲ ಎಂದು ಮಾರ್ಕ ಹೇಳುತ್ತಾನೆ. ಕೊನೆಗೆ ತಾನೇ ಬಾಯಿಬಿಟ್ಟು ಕೇಳಿದ. ಸ್ಪಂಜಿನಲ್ಲಿ ಹುಳಿರಸ ಬಂತು. ನಾಲಿಗೆ ಬಾಯಂಗಳಕ್ಕೆ ಅಂಟಿದೆ ಎನ್ನುವ ಬೈಬಲಿನ 22ನೇ ಕೀರ್ತನೆಯ ಸಾಲು ನನಗೀಗ ವ್ಯಾಖ್ಯಾನ ಇಲ್ಲದೆಯೇ ತಿಳಿಯುತ್ತದೆ.

ರಾತ್ರಿ ಗಂಟಲು ಒಣಗಿ ಎಚ್ಚರವಾದಾಗ ನಾನು ಮಾಡುವುದು ಇಷ್ಟು. ಬಾಯಿ ಮುಕ್ಕಳಿಸಿ ಉಗುಳುತ್ತೇನೆ. ಫ್ರಿಜ್ಜಿನಿಂದ ಒಂದು ಸಣ್ಣ ಐಸ್ ಚೂರು ತೆಗೆದು ಬಾಯಿಗಿಟ್ಟುಕೊಳ್ಳುತ್ತೇನೆ. ಅದು ಕರಗುವವರೆಗೆ, "ಸ್ವಾಮೀ, ನಿನಗೂ ನೀರಡಿಕೆಯಾಗಿತ್ತು" ಎನ್ನುತ್ತೇನೆ. ಬೇರೆ ಮಾತು ಸೇರಿಸುವುದಿಲ್ಲ. ಬಾಯಾರಿಕೆ ಇದರಿಂದ ಕಡಿಮೆಯಾಗುವುದಿಲ್ಲ, ಅದಕ್ಕಾಗಿ ಹೇಳುವುದೂ ಅಲ್ಲ. ಆ ಹೊತ್ತಿನಲ್ಲಿ ನಾನು ಯಾರವಳು ಎಂಬುದು ನೆನಪಾದರೆ ಸಾಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನನ್ನ ನೋವು ಯಾರ ಪಾಪವನ್ನೂ ತೊಳೆಯುವುದಿಲ್ಲ. ನೋವುಂಡಿದ್ದಕ್ಕೆ ನಾನು ಕ್ರಿಸ್ತನವಳಾದದ್ದೂ ಅಲ್ಲ. ಅವನ ಮರಣದಲ್ಲೂ ಪುನರುತ್ಥಾನದಲ್ಲೂ ನಾವು ದೀಕ್ಷಾಸ್ನಾನದಿಂದ ಒಂದಾಗಿದ್ದೇವೆ ಅಂತ ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯ ಹೇಳುತ್ತದೆ. ಆ ಸಂಬಂಧ ಮೊದಲು, ಕಾಯಿಲೆ ಆಮೇಲೆ. ಕ್ರಿಸ್ತನ ಸಂಕಟಗಳಲ್ಲಿ ಉಳಿದದ್ದನ್ನು ನನ್ನ ದೇಹದಲ್ಲಿ ತೀರಿಸುತ್ತೇನೆ ಎಂದು ಪೌಲ ಕೊಲೊಸ್ಸೆಯವರಿಗೆ ಬರೆದದ್ದನ್ನು ಓದಿ ಕೆಲವರು ಗಾಬರಿಯಾಗುತ್ತಾರೆ. ಶಿಲುಬೆಯಲ್ಲಿ ಏನೋ ಬಾಕಿ ಉಳಿಯಿತು ಅಂತ ಅದರ ಅರ್ಥವಲ್ಲ. ಸಭೆ ಅವನ ದೇಹ, ದೇಹಕ್ಕೆ ನೋವಾದರೆ ತಲೆಗೆ ಗೊತ್ತಾಗುತ್ತದೆ. ದಮಸ್ಕದ ದಾರಿಯಲ್ಲಿ ಸೌಲನಿಗೆ (ಪೌಲನ ಮೊದಲಿನ ಹೆಸರು) ಕೇಳಿಸಿದ್ದೂ ಇದೇ. ಅವನು ಹಿಂಸಿಸುತ್ತಿದ್ದದ್ದು ಶಿಷ್ಯರನ್ನು. ಯೇಸು ಕೇಳಿದ್ದು ಮಾತ್ರ, "ನನ್ನನ್ನು ಯಾಕೆ ಹಿಂಸೆಪಡಿಸುತ್ತೀ?" ಎಂದು. ಈ "ನನ್ನನ್ನು" ಎಂಬ ಒಂದು ಮಾತಿನ ಮೇಲೆ ನಾನು ಎಷ್ಟೋ ಡಯಾಲಿಸಿಸ್ ಸರದಿ ಕಳೆದಿದ್ದೇನೆ.

ಒಂದು ಸರದಿ ಅಂದರೆ ಸುಮಾರು 4 ಗಂಟೆ. ಮೊದಲು ತೂಕ. ಡ್ರೈ ವೇಟ್‌ಗಿಂತ (ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ) ಎಷ್ಟು ಜಾಸ್ತಿಯೋ ಅಷ್ಟು ನೀರು ತೆಗೆಯುತ್ತಾರೆ. ಎಡಗೈ ಫಿಸ್ಟುಲಾಕ್ಕೆ, ಅಂದರೆ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳಕ್ಕೆ, ಎರಡು ಸೂಜಿ. ಒಂದರಿಂದ ರಕ್ತ ಹೊರಗೆ, ಇನ್ನೊಂದರಿಂದ ಒಳಗೆ. ಮೊದಲ ಗಂಟೆ ಒಂದು ಕೀರ್ತನೆ ಓದುತ್ತೇನೆ. ಹೆಚ್ಚಾಗಿ ಮೊರೆಯಿಡುವ ಕೀರ್ತನೆಗಳನ್ನೇ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ದೇವರ ವಾಕ್ಯವೇ ಅಲ್ವಾ? ಬಲವಂತದ ಸ್ತೋತ್ರಕ್ಕಿಂತ ಇಂಥ ನೇರ ಮೊರೆಯೇ ಕ್ರಿಸ್ತನ ಬಾಯಿಗೆ ಹತ್ತಿರ ಎಂದು ನಾನು ನಂಬುತ್ತೇನೆ. ನನ್ನ ದೇವರೇ, ಯಾಕೆ ಕೈಬಿಟ್ಟೆ ಅಂತ ಶಿಲುಬೆಯ ಮೇಲೆ ಅವನೇ ಕೂಗಿದ್ದಾನಲ್ಲ.

ಕೊನೆಯ ಗಂಟೆಯಲ್ಲಿ ಬಿಪಿ ಇಳಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಆಗ ವಾಕ್ಯವೂ ನೆನಪಾಗುವುದಿಲ್ಲ, ಬರೀ ನರಳಾಟ. ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಸೃಷ್ಟಿ ನರಳುತ್ತದೆ, ನಾವು ನರಳುತ್ತೇವೆ, ಪವಿತ್ರಾತ್ಮನೂ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ. ಹಾಗಾಗಿ ಆ ಹೊತ್ತಿನ ಪ್ರಾರ್ಥನೆಯನ್ನು ಅವನಿಗೇ ಬಿಟ್ಟುಬಿಡುತ್ತೇನೆ. ನರ್ಸ್ ಬಂದು ಕಾಲು ನೀವುತ್ತಾರೆ.

ಪಕ್ಕದ ಕುರ್ಚಿಯಲ್ಲಿ ನವಲಗುಂದದ ಕಡೆಯ ರೈತರೊಬ್ಬರು ಕೂಡುತ್ತಿದ್ದರು. ನಾನು ಸಣ್ಣ ದನಿಯಲ್ಲಿ ಓದುವುದು ಅವರಿಗೂ ಕೇಳಿಸುತ್ತಿತ್ತು.

"ಅಕ್ಕಾರ, ನಿಮ್ಮ ದೇವರಿಗೂ ನೀರ ಸಿಗಲಿಲ್ಲೇನ್ರಿ?"

"ಇಲ್ರಿ ಕಾಕಾ. ಹುಳಿ ಕೊಟ್ರು."

"ಹಂಗಾರ ನಮ್ಮ ಸಂಕಟ ಅವರಿಗೆ ಗೊತ್ತೈತಿ ಬಿಡ್ರಿ."

ನಾನು ಸಭೆಯಲ್ಲಿ ಕೇಳಿದ ಎಷ್ಟೋ ಉಪದೇಶಗಳಿಗಿಂತ ಆ ಮಾತು ನನ್ನ ಜೊತೆ ಉಳಿದಿದೆ.

ಎಲ್ಲರೂ ಹೀಗೆ ಮಾತಾಡುವುದಿಲ್ಲ. ನಂಬಿಕೆ ಗಟ್ಟಿಯಿದ್ದರೆ ಮಷೀನ್ ಯಾಕೆ ಬೇಕು, ಬಿಟ್ಟುಬಿಡಿ ಅಂತ ಮನೆಗೇ ಬಂದು ಹೇಳಿದವರಿದ್ದಾರೆ. ಇಂಥ ಮಾತು ಜನರ ಪ್ರಾಣ ತೆಗೆಯುತ್ತದೆ. ದಯವಿಟ್ಟು ಯಾರೂ ಕೇಳಬೇಡಿ. ಪೌಲ ತನ್ನ ಶರೀರದ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದ. ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದ. ಇವರಿಗೆಲ್ಲ ನಂಬಿಕೆ ಕಡಿಮೆಯಿತ್ತೇ? ಕ್ರಿಸ್ತನ ಜೊತೆ ನೋವುಣ್ಣುವುದು ಅಂದರೆ ನೋವನ್ನು ಹುಡುಕಿಕೊಂಡು ಹೋಗುವುದಲ್ಲ, ಔಷಧ ಬಿಡುವುದೂ ಅಲ್ಲ.

ಕರ್ತನ ಭೋಜನದ ಭಾನುವಾರ ಬೆಳಿಗ್ಗೆಯಿಂದಲೇ ನೀರು ಕಡಿಮೆ ಕುಡಿಯುತ್ತೇನೆ. ಹೆಬ್ಬೆರಳಷ್ಟು ಗಾಜಿನ ಲೋಟದಲ್ಲಿ ಒಂದೇ ಗುಟುಕು ದ್ರಾಕ್ಷಿರಸ. ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ಆ ಪಾತ್ರೆ ಕ್ರಿಸ್ತನ ರಕ್ತದಲ್ಲಿ ಪಾಲುಗಾರಿಕೆ ಎಂದು ಪೌಲ ಕೊರಿಂಥದವರಿಗೆ ಬರೆಯುತ್ತಾನೆ. ಗಂಟಲಲ್ಲಿ ಅದು ಇಳಿಯುವ ದಾರಿ ನನಗೆ ಪೂರ್ತಿ ಗೊತ್ತಾಗುತ್ತದೆ. ಆರೋಗ್ಯವಾಗಿದ್ದಾಗ ಹೀಗೆ ಎಂದೂ ಕುಡಿದಿರಲಿಲ್ಲ.

ಇನ್ನು ನಿರೀಕ್ಷೆಯ ವಿಷಯ. ಫಿಸ್ಟುಲಾ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಜುಂ ಅಂತ ಹರಿಯುವುದು ತಿಳಿಯುತ್ತದೆ. ಅದು ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು, ಹಾಗಾಗಿ ದಿನಾ ಮುಟ್ಟಿ ನೋಡುತ್ತೇನೆ. ಚುಚ್ಚಿ ಚುಚ್ಚಿ ಅಲ್ಲಿ ಚರ್ಮ ಗಂಟುಗಂಟಾಗಿದೆ. ಎದ್ದುಬಂದ ಯೇಸುವಿನ ಕೈಯಲ್ಲೂ ಮೊಳೆಯ ಗುರುತು ಇತ್ತು, ತೋಮನಿಗೆ ಬೆರಳಿಟ್ಟು ನೋಡು ಅಂದ. ನಮ್ಮ ನಿರೀಕ್ಷೆ ದೇಹ ಬಿಟ್ಟು ಓಡುವುದಲ್ಲ, ದೇಹದ ಬಿಡುಗಡೆ. ಈಸ್ಟರ್ ಮುಂಜಾನೆಯ ಆರಾಧನೆಗೆ ಈ ಕೈಯನ್ನೇ ಹೊತ್ತುಕೊಂಡು ಹೋಗುತ್ತೇನೆ.

ಸತ್ತವರ ಅಂಗಾಂಗಗಳನ್ನು ಕಸಿಗಾಗಿ ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ನನ್ನ ಹೆಸರಿದೆ. ಫೋನ್ ಬಂದರೆ ಎಲ್ಲೋ ಒಂದು ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಅದಕ್ಕೇ "ಕಿಡ್ನಿ ಬೇಗ ಸಿಗಲಿ" ಎಂದು ಪ್ರಾರ್ಥಿಸಲು ನಾಲಿಗೆ ಏಳುವುದಿಲ್ಲ. ಆ ಮನೆಯವರಿಗಾಗಿ ಈಗಿನಿಂದಲೇ ಪ್ರಾರ್ಥಿಸುತ್ತೇನೆ. ಅವರು ಯಾರೋ, ಯಾವ ಊರಿನವರೋ. ಅವರ ದುಃಖದ ದಿನ ಕ್ರಿಸ್ತ ಅವರ ಪಕ್ಕದಲ್ಲಿರಲಿ ಎಂದು ಕೇಳಿಕೊಳ್ಳುತ್ತೇನೆ.