ನೋವು ಹೇಳಲಾರದ ಅವ್ವ: ನಾನು ಗಮನಿಸುವ ಬದಲಾವಣೆಗಳು

ಅವ್ವನಿಗೆ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಬಂದ ಮೇಲೆ ನಮ್ಮ ಕಲಬುರಗಿ ಮನೆಗೆ ಬಂದವರೆಲ್ಲ ಆಡುವುದು ಒಂದೇ ಮಾತು: 'ವಯಸ್ಸಾತು, ಅರಳು ಮರಳು.' ನಾನು ಒಪ್ಪುವುದಿಲ್ಲ. ಮರೆವು ಸಾಮಾನ್ಯವಾಗಿ ತಿಂಗಳು, ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯುತ್ತದೆ. ನಿನ್ನೆ ರೊಟ್ಟಿ ಮುರಿದು ತಿಂದವಳು ಇವತ್ತು ತುತ್ತು ಎತ್ತದಿದ್ದರೆ, ಮೈಯಲ್ಲಿ ಬೇರೇನೋ ಆಗಿದೆ ಅಂತಲೇ ನನ್ನ ಲೆಕ್ಕ.

ಒಮ್ಮೆ ರಾತ್ರಿಯಿಡೀ ಗೋಡೆಯ ಜತೆ ಮಾತಾಡಿದಳು, ಸೀರೆ ಎಳೆದಾಡಿದಳು. ಜ್ವರ ಇರಲಿಲ್ಲ. ಆದರೂ ಮೂತ್ರ ಪರೀಕ್ಷೆ ಮಾಡಿಸಿದೆ, ಸೋಂಕು ಇತ್ತು. ವಯಸ್ಸಾದವರಲ್ಲಿ ಸೋಂಕಿದ್ದರೂ ಮೈ ಬಿಸಿಯಾಗದೇ ಇರಬಹುದು. ಔಷಧಿ ಮುಗಿಯುವ ಹೊತ್ತಿಗೆ ಗಲಾಟೆ ನಿಂತಿತು.

ಇನ್ನೊಂದು ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ. ಹಗಲೆಲ್ಲ ತೂಕಡಿಕೆ, ಕರೆದರೆ ಕಣ್ಣಷ್ಟೇ ಬಿಡುವುದು. 'ಪಾಪ, ಆರಾಮ ಮಲಗ್ಯಾಳ' ಅಂದರು ಪಕ್ಕದ ಮನೆಯ ಅಕ್ಕ. ನನಗೆ ಗಲಾಟೆಗಿಂತ ಈ ಮಂಕಿನ ಭಯವೇ ಜಾಸ್ತಿ, ಯಾರ ಕಣ್ಣಿಗೂ ಬೀಳುವುದಿಲ್ಲ ಅಲ್ವಾ. ನಾಲಿಗೆ ಒಣಗಿತ್ತು, ಮೂತ್ರ ಕಡು ಹಳದಿ. ನಮ್ಮ ಬಿಸಿಲು 42 ಡಿಗ್ರಿ ದಾಟುತ್ತದೆ, ಬಾಯಾರಿದೆ ಅಂತ ಹೇಳಲು ಅವಳಿಗೆ ಬರುವುದಿಲ್ಲ. ಕೂಡಲೇ ಆಸ್ಪತ್ರೆಗೆ ಕರೆದೊಯ್ದು ಸಲೈನ್ ಹಾಕಿಸಿದೆವು. ಈಗ ಕೇಳುವುದೇ ಇಲ್ಲ, ಗಂಟೆಗೊಮ್ಮೆ ಮಜ್ಜಿಗೆಯೋ ಅಂಬಲಿಯೋ ನಾಲ್ಕು ಗುಟುಕು ಕುಡಿಸುತ್ತೇನೆ.

ತೂಕ ಇಳಿದದ್ದನ್ನು ಮೊದಲು ತೋರಿಸಿದ್ದು ಬಳೆ. ಮೊಣಕೈವರೆಗೆ ಜಾರತೊಡಗಿತು. ಆರು ತಿಂಗಳಲ್ಲಿ ತೂಕದ ನೂರಕ್ಕೆ 5 ಭಾಗ ಹೋದರೂ ಕಾರಣ ಹುಡುಕಲೇಬೇಕು. ಅವ್ವನ ವಿಷಯದಲ್ಲಿ ಕಾರಣ ಹುಳುಕು ದವಡೆ ಹಲ್ಲು. ಒಂದೇ ಕಡೆ ಅಗಿಯುತ್ತಿದ್ದಳು, ಆ ಕೆನ್ನೆ ಮುಟ್ಟಿದರೆ ಹುಬ್ಬು ಗಂಟಿಕ್ಕುತ್ತಿದ್ದಳು. ಹಲ್ಲು ಕೀಳಿಸಿದ ಮೇಲೆ ಬೇಳೆಯಲ್ಲಿ ನೆನೆಸಿದ ರೊಟ್ಟಿ ಮತ್ತೆ ಒಳಗೆ ಹೋಯಿತು. ನೀರು ಕುಡಿದಾಗಲೆಲ್ಲ ಕೆಮ್ಮು, ಗಂಟಲಲ್ಲಿ ಗೊರಗೊರ ಇದ್ದರೆ ತಡಮಾಡಬೇಡಿ. ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮಲಗಿಸಿ ಉಣಿಸಲೇಬಾರದು.

ಸ್ನಾನದ ಹೊತ್ತಿಗೆ ಬೆನ್ನಿನ ಕೆಳಭಾಗ, ಹಿಮ್ಮಡಿ ನೋಡುತ್ತೇನೆ. ಕೆಂಪಾದ ಜಾಗ ಬೆರಳಿಂದ ಒತ್ತಿದರೂ ಬಿಳಿಯಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ. ಅವ್ವನದು ಕಪ್ಪು ಮೈಬಣ್ಣ, ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಹಾಗಾಗಿ ಅಲ್ಲಿ ಬಿಸಿಯೋ ಗಟ್ಟಿಯೋ ಆಗಿದೆಯಾ ಅಂತ ಮುಟ್ಟಿಯೂ ನೋಡುತ್ತೇನೆ.

ಡಾಕ್ಟರ ಮುಂದೆ ಅವ್ವ 'ಆರಾಮ ಅದೀನಿ' ಅಂತಾಳೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಊಟ, ನಿದ್ದೆ, ಮೂತ್ರ, ಮಲ, ನಡಿಗೆ ಬರೆದಿಡುತ್ತೇನೆ. ಒಳಗೆ ಹೋದ ಕೂಡಲೇ ಏನು ಬದಲಾಯಿತು, ಯಾವತ್ತಿನಿಂದ, ಹೊಸ ಮಾತ್ರೆ ಏನಾದರೂ ಶುರುವಾಗಿತ್ತಾ, ಈ ಮೂರನ್ನು ಮೊದಲು ಹೇಳುತ್ತೇನೆ.