ತೆರೆಗೆ ತೆರಿಗೆ, ಮಕ್ಕಳಿಗೆ ಬಯಲು: ಪ್ರಸ್ತಾವ ಬರೆಯುವುದು ಹೇಗೆ

ಟಿವಿ, ವಿಡಿಯೊ ಗೇಮ್, ಓಟಿಟಿ ಚಂದಾ, ಇವುಗಳ ಮೇಲೆ ಒಂದು ಸಣ್ಣ ತೆರಿಗೆ ಹಾಕಬೇಕು. ಆ ಹಣದಲ್ಲಿ ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದುಕೊಂಡು ಹೋಗಿ ಕಲಿಸಬೇಕು. ಈ ಮಾತು ಕೇಳಿದವರು ಹೆಚ್ಚಾಗಿ ತಲೆದೂಗುತ್ತಾರೆ. ಕಷ್ಟ ಗೊತ್ತಾಗುವುದು ಅದನ್ನು ಕಾಗದದ ಮೇಲೆ ಬರೆದು ಒಬ್ಬ ಜನಪ್ರತಿನಿಧಿಯ ಕೈಗೆ ಕೊಡಲು ಹೊರಟಾಗ. ಎಷ್ಟು ಪರ್ಸೆಂಟ್, ಯಾರ ಮೇಲೆ, ವಸೂಲಿ ಯಾರು ಮಾಡಬೇಕು, ಬಂದ ಹಣ ಎಲ್ಲಿ ಇಡಬೇಕು, ಒಂದಕ್ಕೂ ಉತ್ತರ ಸಿದ್ಧ ಇರುವುದಿಲ್ಲ. ನೀವು ಪೋಷಕರೋ, ಶಿಕ್ಷಕರೋ, ಅಥವಾ ನಾಲ್ಕು ಜನ ಸೇರಿ ಮಾಡಿಕೊಂಡ ಗುಂಪೋ, ಈ ಕೆಲಸಕ್ಕೆ ಕೈ ಹಾಕಿದ್ದರೆ ಇದು ನಿಮಗೇ ಬರೆದದ್ದು.

ಮೊದಲು ಖರ್ಚು ಬರೆಯಿರಿ

ತೆರಿಗೆಯ ದರದಿಂದ ಶುರು ಮಾಡಬೇಡಿ. ಮೊದಲ ಪುಟದಲ್ಲೇ ದರ ಕಂಡರೆ ಓದುವವರು ಅಲ್ಲಿಯೇ ನಿಂತು ವಾದಕ್ಕೆ ಇಳಿಯುತ್ತಾರೆ, ಮಕ್ಕಳ ವಿಷಯಕ್ಕೆ ಬರುವುದೇ ಇಲ್ಲ. ಮೊದಲು ಒಂದು ದಿನದ ಹೊರಗಿನ ಪಾಠ ಹೇಗಿರುತ್ತದೆ ಎಂದು ಬರೆಯಿರಿ. ಮೂವತ್ತು ಮಕ್ಕಳು, ಒಂದು ತೊರೆಯ ದಂಡೆ, ಅರ್ಧ ದಿನ. ಅದಕ್ಕೆ ಏನೇನು ಬೇಕು ಎಂದು ಒಂದೊಂದಾಗಿ ಲೆಕ್ಕ ಹಾಕಿ.

ಒಮ್ಮೆ ನಾನು ಇಂಥ ಒಂದು ಪಾಠಕ್ಕೆ ಸಹಾಯಕ್ಕೆಂದು ಹೋಗಿದ್ದೆ. ಬೆಳಿಗ್ಗೆಯಿಂದ ಸಣ್ಣಗೆ ಮಳೆ ಹನಿಯುತ್ತಿತ್ತು. ಮಕ್ಕಳು ತೊರೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಲ್ಲು ಮಗುಚಿ ನೋಡುತ್ತಿದ್ದರು. ಒಂದು ಕಲ್ಲಿನ ಅಡಿಯಲ್ಲಿ ಬೆರಳುಗುರಿನಷ್ಟು ಉದ್ದದ ಹುಳು ಇತ್ತು, ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ತನ್ನ ಸುತ್ತ ಕೊಳವೆಯಂಥ ಗೂಡು ಕಟ್ಟಿಕೊಂಡಿತ್ತು. ಒಬ್ಬ ಹುಡುಗಿ ಅದನ್ನು ಬೊಗಸೆಯ ನೀರಿನಲ್ಲಿ ಎತ್ತಿಕೊಂಡಳು. ನೀರು ಬೆರಳ ಸಂದಿಯಿಂದ ಸೋರಿ ಹೋಗುವವರೆಗೂ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಓಡಿಹೋಗಿ ಅದೇ ಕಲ್ಲಿನ ಕೆಳಗೆ ಬಿಟ್ಟು ಬಂದಳು. ಯಾರೂ ಹೇಳಿರಲಿಲ್ಲ. ಅದೇ ಹೊತ್ತಿಗೆ ಒಬ್ಬ ಹುಡುಗ ಬಸ್ಸಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಯಾಕಪ್ಪಾ ಅಂದರೆ ಹೊಟ್ಟೆನೋವು ಅಂದ. ಆಮೇಲೆ ಗೊತ್ತಾಯಿತು, ಹೊಟ್ಟೆನೋವಲ್ಲ, ಅವನ ಹತ್ತಿರ ರೇನ್‌ಕೋಟ್ ಇರಲಿಲ್ಲ. ಹೇಳಿಕೊಳ್ಳಲು ನಾಚಿಕೆ.

ಆ ದಿನದಿಂದ ನಾನು ಇಂಥ ಬಜೆಟ್ ಬರೆಯಲು ಕೂತಾಗ ಮೊದಲ ಸಾಲು ರೇನ್‌ಕೋಟ್ ಮತ್ತು ಶೂ. ಆಮೇಲೆ ವಾಹನ, ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವಿಮೆ, ಜೊತೆಗೆ ಬರುವ ಇನ್ನಿಬ್ಬರು ದೊಡ್ಡವರ ಸಂಬಳ, ಗಾಲಿಕುರ್ಚಿಯಲ್ಲಿರುವ ಮಗುವೂ ಇಳಿದು ಹೋಗುವಂಥ ದಾರಿ. ಶಿಕ್ಷಕರ ತರಬೇತಿಯನ್ನು ಎಲ್ಲರೂ ಮರೆಯುತ್ತಾರೆ. ಹೊರಗೆ ಪಾಠ ಮಾಡುವುದು ಬೇರೆಯದೇ ಕೆಲಸ, ಸುಮ್ನೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಿಟ್ಟರೆ ಅದು ಪಿಕ್ನಿಕ್ ಆಗುತ್ತದೆ. ಪಿಕ್ನಿಕ್ ತಪ್ಪಲ್ಲ, ಆದರೆ ಅದಕ್ಕೆ ತೆರಿಗೆ ಕೇಳಲು ಆಗುವುದಿಲ್ಲ.

ಇಲ್ಲಿ ಒಂದು ಆಯ್ಕೆ ಮಾಡಬೇಕು. ವರ್ಷಕ್ಕೊಮ್ಮೆ ಒಂದು ವಾರದ ಶಿಬಿರವೋ, ಅಥವಾ ಶಾಲೆಯ ಪಕ್ಕದಲ್ಲೇ ದಿನವೂ ಒಂದಿಷ್ಟು ಹೊತ್ತು ಹೊರಗೋ? ಅಮೆರಿಕದ ಆರೆಗಾನ್ ರಾಜ್ಯ ಮೊದಲನೆಯದನ್ನು ಆರಿಸಿತು. ಅಲ್ಲಿ 2016ರಲ್ಲಿ ಜನ ಮತ ಹಾಕಿ, ಐದು ಅಥವಾ ಆರನೇ ತರಗತಿಯ ಮಕ್ಕಳ ಒಂದು ವಾರದ ಹೊರಾಂಗಣ ಶಾಲೆಗೆ ರಾಜ್ಯದ ಲಾಟರಿ ಹಣದಲ್ಲಿ ಪಾಲು ಇಟ್ಟರು, ವರ್ಷಕ್ಕೆ ಗರಿಷ್ಠ 2.2 ಕೋಟಿ ಡಾಲರ್. ಎರಡನೆಯದರ ಪರ ಇರುವ ಗಟ್ಟಿ ಪುರಾವೆ ಕಣ್ಣಿನದು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಗಿನ ಪಿರಿಯಡ್ ಸೇರಿಸಿದರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಬಂದವರು ಅಲ್ಲಿ ಶೇ 30.4, ಉಳಿದ ಶಾಲೆಗಳಲ್ಲಿ ಶೇ 39.5. ತೈವಾನ್ 2010ರಿಂದಲೇ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಲಿ ಎಂದು ಶಾಲೆಗಳ ಮೂಲಕ ಹೇಳುತ್ತಾ ಬಂದಿದೆ.

ನನ್ನ ಅಭಿಪ್ರಾಯ ಕೇಳಿದರೆ, ದಿನದಿನದ್ದಕ್ಕೆ ಮೊದಲ ಹಣ, ಶಿಬಿರಕ್ಕೆ ಆಮೇಲಿನದು. ಶಿಬಿರದ ನೆನಪು ಜೀವನಪೂರ್ತಿ ಇರುತ್ತದೆ, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ವರ್ಷಕ್ಕೆ ಐದು ದಿನ ಬೆಳಕು ಕಂಡರೆ ಕಣ್ಣಿಗೆ ಸಾಲದು.

ಯಾವುದರ ಮೇಲೆ ಹಾಕಬೇಕು

ತೆರಿಗೆ ಹಾಕಲು ಮೂರು ಜಾಗ ಇವೆ: ಸಾಧನ, ಚಂದಾ, ಮತ್ತು ಗೇಮ್ ಒಳಗೆ ನಡೆಯುವ ಖರೀದಿ. ಸಾಧನ ಕಣ್ಣಿಗೆ ಕಾಣುತ್ತದೆ, ಅಂಗಡಿಯಲ್ಲೇ ವಸೂಲಿ ಮಾಡಬಹುದು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ 2008ರಲ್ಲಿ ಬಂದ ಮಸೂದೆ ಅಂಥದ್ದೇ. ಟಿವಿ, ವಿಡಿಯೊ ಗೇಮ್, ಗೇಮ್ ಸಾಧನಗಳ ಮೇಲೆ ಶೇ 1 ತೆರಿಗೆ, ಆ ಹಣ ಮಕ್ಕಳ ಹೊರಾಂಗಣ ಶಿಕ್ಷಣಕ್ಕೆ. ಅದು ಪಾಸಾಗಲಿಲ್ಲ. ಆದರೆ ಆ ಯೋಚನೆ ಅಲ್ಲಿಗೇ ಸತ್ತುಹೋಗಲಿಲ್ಲ. 2019ರಲ್ಲಿ ಅದೇ ರಾಜ್ಯ, ಬಡ ಮನೆಗಳ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲೆಂದೇ ಬೇರೆ ದಾರಿಯಿಂದ ಒಂದು ನಿಧಿ ಮಾಡಿತು. ಮೊದಲ ಸಲ ಸೋತರೆ ಕೈಬಿಡಬೇಡಿ ಎಂದು ಇದನ್ನು ಇಲ್ಲಿ ಹೇಳಿದೆ.

ಇವತ್ತು ಸಾಧನದ ಮೇಲೆ ತೆರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದೇ ಫೋನಿನಲ್ಲಿ ಮಗು ಹೋಮ್‌ವರ್ಕ್ ಮಾಡುತ್ತದೆ, ಅದೇ ಲ್ಯಾಪ್‌ಟಾಪ್‌ನಲ್ಲಿ ಅಮ್ಮ ಕೆಲಸ ಮಾಡುತ್ತಾಳೆ. ಯಾವುದು ಮನರಂಜನೆ, ಯಾವುದು ಓದು ಎಂದು ಅಂಗಡಿಯವನು ಹೇಗೆ ಹೇಳಬೇಕು? ಚಂದಾ ಮತ್ತು ಗೇಮ್ ಖರೀದಿಯಲ್ಲಿ ಆ ಗೊಂದಲ ಕಡಿಮೆ. ಅಮೆರಿಕದ ಶಿಕಾಗೊ ನಗರ ತನ್ನ ಹಳೆಯ ಮನರಂಜನಾ ತೆರಿಗೆಯನ್ನು 2015ರಲ್ಲಿ ವಿಡಿಯೊ, ಸಂಗೀತ, ಗೇಮ್ ಸ್ಟ್ರೀಮಿಂಗ್‌ಗೂ ಎಳೆಯಿತು, ಆಗ ದರ ಶೇ 9. ಅಂದರೆ ಮಾಡಲು ಸಾಧ್ಯ ಎಂದಾಯಿತು. ಹಣ ಹೊರಾಂಗಣ ಶಿಕ್ಷಣಕ್ಕೆ ಹೋಗುವುದಿಲ್ಲ ಅಷ್ಟೆ.

ವಸೂಲಿಯನ್ನು ಆದಷ್ಟು ಮೇಲಿನ ಹಂತದಲ್ಲಿ ಇಡಿ. ಸಾವಿರ ಅಂಗಡಿಗಳಿಂದ ಕೂಡಿಸುವುದಕ್ಕಿಂತ ಹತ್ತು ಕಂಪನಿಗಳಿಂದ ಪಡೆಯುವುದು ಸುಲಭ, ಸೋರಿಕೆಯೂ ಕಡಿಮೆ.

ಇನ್ನೊಂದು ಎಚ್ಚರಿಕೆ. ಹಿಂಸೆ ಇರುವ ಗೇಮ್‌ಗೆ ಜಾಸ್ತಿ, ಒಳ್ಳೆಯ ಕಾರ್ಯಕ್ರಮಕ್ಕೆ ಕಡಿಮೆ ಎಂದು ಭಾಗ ಮಾಡುವ ಆಸೆ ಆಗುತ್ತದೆ. ದಯವಿಟ್ಟು ಬೇಡ. ಒಳಗೆ ಏನಿದೆ ಎಂದು ನೋಡಿ ತೆರಿಗೆ ಹಾಕಿದರೆ ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಯಾಗಿ ಕೋರ್ಟಿಗೆ ಹೋಗುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1983ರಲ್ಲಿ, ಮಿನೆಸೋಟ ರಾಜ್ಯ ಪತ್ರಿಕೆಗಳ ಕಾಗದ ಮತ್ತು ಶಾಯಿಯ ಮೇಲೆ ಹಾಕಿದ್ದ ವಿಶೇಷ ತೆರಿಗೆಯನ್ನೇ ರದ್ದು ಮಾಡಿತ್ತು. ವಿಡಿಯೊ ಗೇಮ್‌ಗಳಿಗೂ ಪುಸ್ತಕ, ಸಿನಿಮಾಗಳಷ್ಟೇ ರಕ್ಷಣೆ ಇದೆ ಎಂದು 2011ರಲ್ಲಿ ಹೇಳಿತು. ಅದಕ್ಕೇ ಎಲ್ಲದಕ್ಕೂ ಒಂದೇ ದರ ಇಡಿ, ಅದೂ ಸಣ್ಣದು. ನಿಮ್ಮ ದೇಶದ ಕಾನೂನು ಬಲ್ಲವರೊಬ್ಬರಿಗೆ ಈ ಭಾಗವನ್ನು ತೋರಿಸಿಯೇ ಮುಂದೆ ಹೋಗಿ.

ದರದ ಲೆಕ್ಕ

ಇದು ಲೆಕ್ಕ ಕಲಿಸಲು ಮಾತ್ರ, ಅಂಕಿಗಳು ನಾನೇ ಇಟ್ಟವು, ಯಾವ ದೇಶದ ಹಣವಾದರೂ ಆಗಲಿ. ಒಂದು ಊರಿನಲ್ಲಿ 20,000 ಮನೆ, ಪ್ರತಿ ಮನೆ ತಿಂಗಳಿಗೆ ಚಂದಾ ಮತ್ತು ಗೇಮ್‌ಗೆ 300 ಕೊಡುತ್ತದೆ ಎನ್ನಿ. ಶೇ 1 ಅಂದರೆ ತಿಂಗಳಿಗೆ 3, ವರ್ಷಕ್ಕೆ 36. ಇಡೀ ಊರಿನಿಂದ 7,20,000. ಬಸ್ಸಿನಲ್ಲಿ ದೂರ ಹೋಗುವ ಒಂದು ದಿನಕ್ಕೆ ಒಂದು ಮಗುವಿಗೆ 150 ಖರ್ಚು ಬಂದರೆ 4,800 ಮಕ್ಕಳು ಹೋಗಬಹುದು. ಊರಿನಲ್ಲಿ ಶಾಲಾ ಮಕ್ಕಳು 8,000 ಇದ್ದರೆ ಎಲ್ಲರಿಗೂ ಒಂದು ದಿನವೂ ಸಿಗಲಿಲ್ಲ! ಅದೇ ನಡೆದು ಹೋಗುವ ದೂರದಲ್ಲಿ ಮಾಡಿದರೆ ಖರ್ಚು 30ಕ್ಕೆ ಇಳಿಯುತ್ತದೆ ಎಂದುಕೊಳ್ಳಿ, ಆಗ ಪ್ರತಿ ಮಗುವಿಗೂ ವರ್ಷಕ್ಕೆ ಮೂರು ದಿನ. ನಿಮ್ಮ ಊರಿನ ನಿಜವಾದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಬಂದ ಉತ್ತರ ಚಿಕ್ಕದಾಗಿದ್ದರೆ ಮುಚ್ಚಿಡಬೇಡಿ, ಕೊಡುವ ಮಾತನ್ನು ಚಿಕ್ಕದಾಗಿಸಿ ಅಥವಾ ದರ ಏರಿಸಿ. ಶೇ 1ರಲ್ಲಿ ಎಲ್ಲ ಮಕ್ಕಳ ಬಾಲ್ಯ ಬದಲಾಗುತ್ತದೆ ಎಂದು ಬರೆದುಬಿಟ್ಟರೆ ಎರಡನೇ ವರ್ಷವೇ ಸಿಕ್ಕಿಬೀಳುತ್ತೀರಿ.

ಬೀಗ ಹಾಕುವುದೇ ದೊಡ್ಡ ಕೆಲಸ

ಇಡೀ ಪ್ರಸ್ತಾವದಲ್ಲಿ ನಾನು ಜಗಳವಾಡಿಯಾದರೂ ಬಿಟ್ಟುಕೊಡದ ಭಾಗ ಇದು. ಮಕ್ಕಳ ಹೆಸರಿನಲ್ಲಿ ಹಣ ಎತ್ತುವುದು ಸುಲಭ, ಅದು ಮಕ್ಕಳ ತನಕ ತಲುಪುವುದು ಕಷ್ಟ.

ಟೆಕ್ಸಾಸ್ ರಾಜ್ಯದ ಕಥೆ ನೋಡಿ. ಕ್ರೀಡಾ ಸಾಮಗ್ರಿಗಳ ಮೇಲಿನ ಮಾರಾಟ ತೆರಿಗೆಯ ಪಾಲನ್ನು ಉದ್ಯಾನಗಳಿಗೆ ಕೊಡುವುದು ಎಂದು 1993ರಲ್ಲಿ ಕಾನೂನು ಆಯಿತು. ಕಾನೂನು ಇತ್ತು, ಬೀಗ ಇರಲಿಲ್ಲ. ಎಷ್ಟು ಕೊಡಬೇಕು ಎಂದು ಪ್ರತಿ ಬಜೆಟ್‌ನಲ್ಲೂ ಶಾಸಕರೇ ತೀರ್ಮಾನಿಸುತ್ತಿದ್ದರು, ವರ್ಷಗಟ್ಟಲೆ ದೊಡ್ಡ ಪಾಲು ಬೇರೆ ಕಡೆಗೆ ಹೋಯಿತು, ಉದ್ಯಾನಗಳು ರಿಪೇರಿ ಕಾಣದೆ ಉಳಿದವು. ಕೊನೆಗೆ 2019ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಬೇಕಾಯಿತು. ಮತ ಹಾಕಿದವರಲ್ಲಿ ಶೇ 85ಕ್ಕಿಂತ ಹೆಚ್ಚು ಜನ ಹೌದು ಅಂದರು. ಇಪ್ಪತ್ತಾರು ವರ್ಷ! ಆ ಹೊತ್ತಿಗೆ 1993ರಲ್ಲಿ ಹುಟ್ಟಿದ ಮಗುವಿನ ಬಾಲ್ಯ ಮುಗಿದೇ ಹೋಗಿತ್ತು, ಅಲ್ವಾ?

ಇದಕ್ಕೆ ಎದುರಾಗಿ 1937ರ ಅಮೆರಿಕದ ಒಂದು ಕಾನೂನು ಇದೆ, ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ. ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ರಾಜ್ಯಗಳಿಗೆ ಆ ಹಣ ಬೇಕಿದ್ದರೆ ಒಂದು ಷರತ್ತು: ಬೇಟೆ ಪರವಾನಗಿಯಿಂದ ಬರುವ ತಮ್ಮದೇ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ಆ ಕಾಯ್ದೆ ಇಂದಿಗೂ ನಡೆಯುತ್ತಿದೆ. ಆ ಷರತ್ತನ್ನು ನಿಮ್ಮ ಪ್ರಸ್ತಾವಕ್ಕೆ ತಕ್ಕಂತೆ ಬರೆದುಕೊಳ್ಳಿ: ಈ ತೆರಿಗೆ ಬಂತು ಎಂದು ಶಾಲೆಗಳಿಗೆ ಈಗ ಸಿಗುತ್ತಿರುವ ಹಣ ಕಡಿಮೆ ಮಾಡುವಂತಿಲ್ಲ. ಈ ಒಂದು ಸಾಲು ಇಲ್ಲದಿದ್ದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಾರೆ, ಲೆಕ್ಕದ ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಜೊತೆಗೆ, ಹಣಕ್ಕೆ ಪ್ರತ್ಯೇಕ ಖಾತೆ ಇರಬೇಕು. ವರ್ಷದ ಕೊನೆಗೆ ಉಳಿದದ್ದು ಅದೇ ಖಾತೆಯಲ್ಲಿ ಉಳಿಯಬೇಕು. ಯಾವ ಶಾಲೆಯ ಎಷ್ಟು ಮಕ್ಕಳು ಎಷ್ಟು ದಿನ ಹೊರಗೆ ಹೋದರು ಎಂಬ ಪಟ್ಟಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು.

ಬಡವರ ಮೇಲಿನ ಹೊರೆ

ಈ ಆಕ್ಷೇಪ ಬಂದೇ ಬರುತ್ತದೆ, ಮತ್ತು ಅದು ನಿಜ. ಟಿವಿ ಎಲ್ಲಕ್ಕಿಂತ ಅಗ್ಗದ ಮನರಂಜನೆ. ರಾತ್ರಿಪಾಳಿ ಮುಗಿಸಿ ಬಂದ ತಾಯಿ ಅಡುಗೆ ಮಾಡುವಾಗ ಮಗುವಿನ ಕೈಗೆ ಫೋನ್ ಕೊಟ್ಟರೆ ಅದು ಅವಳ ತಪ್ಪಲ್ಲ, ಅವಳಿಗೆ ಬೇರೆ ಕೈ ಇಲ್ಲ. ಅಂಥ ಮನೆ ಮತ್ತು ಐದು ಚಂದಾ ಇಟ್ಟುಕೊಂಡ ಮನೆ ಎರಡೂ ಒಂದೇ ದರ ಕೊಡುತ್ತವೆ, ಆದರೆ ಚುರುಕ್ ಅನ್ನುವುದು ಒಬ್ಬರಿಗೆ ಮಾತ್ರ. ಅದಕ್ಕೇ ಮೂಲ ಚಂದಾ ಒಂದನ್ನು ತೆರಿಗೆಯಿಂದ ಹೊರಗಿಡುವ ದಾರಿ ಹುಡುಕಿ. ಖರ್ಚಿನ ಕಡೆಯಲ್ಲಿ, ಆಟದ ಮೈದಾನವೇ ಇಲ್ಲದ ಶಾಲೆಗಳಿಗೆ ಮೊದಲ ಸರದಿ ಎಂದು ಬರೆಯಿರಿ. ರೇನ್‌ಕೋಟ್, ಶೂ ಶಾಲೆಯ ಸ್ವತ್ತಾಗಿರಲಿ, ಎಲ್ಲ ಮಕ್ಕಳಿಗೂ ಒಂದೇ ಥರದ್ದು. ಇಲ್ಲದವರು ಕೈ ಎತ್ತಿ ಎಂದು ಮಾತ್ರ ಯಾರೂ ಕೇಳುವಂತೆ ಆಗಬಾರದು.

ಹಣ ಕಡಿಮೆಯಾದರೆ?

ಬ್ರಿಟನ್ 2018ರ ಏಪ್ರಿಲ್‌ನಲ್ಲಿ ಸಕ್ಕರೆ ಪಾನೀಯಗಳ ಮೇಲೆ ತೆರಿಗೆ ತಂದಿತು, ಹಣ ಶಾಲಾ ಕ್ರೀಡೆಗೆ ಹೋಗುತ್ತದೆ ಎಂದು ಮೊದಲೇ ಹೇಳಿತ್ತು. ಶುರುವಿನ ಅಂದಾಜು ವರ್ಷಕ್ಕೆ 52 ಕೋಟಿ ಪೌಂಡ್. ಮೊದಲ ವರ್ಷ ಬಂದದ್ದು ಸುಮಾರು 24 ಕೋಟಿ. ಕಾರಣ ಒಳ್ಳೆಯದೇ, ಕಂಪನಿಗಳು ತೆರಿಗೆ ತಪ್ಪಿಸಲು ಸಕ್ಕರೆಯನ್ನೇ ಇಳಿಸಿದವು. ನಿಮ್ಮ ತೆರಿಗೆಯಿಂದ ಜನ ಚಂದಾ ಬಿಟ್ಟರೆ ಅಥವಾ ಜಾಹೀರಾತಿನ ಉಚಿತ ವಿಡಿಯೊ ಕಡೆಗೆ ಹೋದರೆ ಇಲ್ಲೂ ಹಾಗೇ ಆಗಬಹುದು. ಶಿಕ್ಷಕರ ಸಂಬಳವನ್ನು ಈ ಹಣಕ್ಕೆ ಕಟ್ಟುವ ಮೊದಲು, ಒಂದು ವರ್ಷದ ಖರ್ಚಿನಷ್ಟು ಮೀಸಲು ಕೂಡಲಿ.

ಕೊಡಲು ಹೋಗುವಾಗ

ಪರದೆಯನ್ನು ಬೈಯಬೇಡಿ. ಗೇಮ್ ಆಡುವ ಹುಡುಗರನ್ನು ಹಾಳಾದವರು ಎಂದು ಚಿತ್ರಿಸಿದರೆ ಅರ್ಧ ಊರು ಅಲ್ಲೇ ದೂರ ಸರಿಯುತ್ತದೆ, ಆ ಹುಡುಗರ ಮನಸ್ಸಿಗೂ ನೋವಾಗುತ್ತದೆ. ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಹೊರಗೆ ಏನು ಬೇಕು ಎಂದು ಅವರೇ ಹೇಳಲಿ.

ಸರ್ಕಾರ ಬಜೆಟ್ ಬರೆಯಲು ಶುರು ಮಾಡುವ ಮೂರ್ನಾಲ್ಕು ತಿಂಗಳ ಮುಂಚೆ ಭೇಟಿ ಕೇಳಿ, ಅಂಕಿಗಳೆಲ್ಲ ಕೂತ ಮೇಲೆ ಹೋದರೆ ಚಹಾ ಕೊಟ್ಟು ಕಳಿಸುತ್ತಾರೆ. ನಾಲ್ಕು ಪುಟಕ್ಕಿಂತ ಹೆಚ್ಚು ಬೇಡ: ಒಂದು ದಿನದ ಪಾಠ, ಅದರ ಖರ್ಚು, ತೆರಿಗೆ, ಬೀಗ. ಮೂರು ವರ್ಷಕ್ಕೆ ಒಮ್ಮೆ ಇಡೀ ಯೋಜನೆಯನ್ನು ಪರಿಶೀಲಿಸಬೇಕು ಎಂಬ ಸಾಲನ್ನು ನೀವೇ ಸೇರಿಸಿ, ಅವರು ಕೇಳುವ ತನಕ ಕಾಯಬೇಡಿ. ಸಾಧ್ಯವಾದರೆ ಪ್ರಸ್ತಾವ ಕೊಡುವ ಮೊದಲೇ ಒಂದು ಬೆಳಿಗ್ಗೆ ಆ ಪ್ರತಿನಿಧಿಯನ್ನು ಮಕ್ಕಳ ಜೊತೆ ಹೊರಗೆ ಕರೆದುಕೊಂಡು ಹೋಗಿ. ಭಾಷಣ ಇಡಬೇಡಿ, ಹಾರ ತುರಾಯಿ ಬೇಡ. ಒಂದು ಮಗುವಿನ ಪಕ್ಕದಲ್ಲಿ ಅವರೂ ಕೂತು ಒಂದು ಕಲ್ಲು ಮಗುಚಲಿ.