ಬೊಡ್ಡೆ ಅರೆಯುವ ಯಂತ್ರ: ಹಲ್ಲು ನೋಡುವುದು, ಬದಲಿಸುವುದು

ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದು ಬಿಟ್ಟರೆ ಒಂದೇ ಮಳೆಗೆ ಮತ್ತೆ ಚಿಗುರುತ್ತದೆ. ಬೊಡ್ಡೆಯನ್ನು ನೆಲದೊಳಗೆ ಗೇಣುದ್ದವಾದರೂ ಅರೆದು ತೆಗೆಯಬೇಕು. ಕೊಪ್ಪಳದ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಅಷ್ಟು ಆಳಕ್ಕೆ ಇಳಿದಾಗ ಯಂತ್ರದ ಹಲ್ಲನ್ನು ತಿನ್ನುವುದು ಮರವಲ್ಲ, ಬೇರಿನ ಸಂದಿಯಲ್ಲಿ ಕೂತ ಕಲ್ಲು. ಬದುವಿನ ಮರವಾದರೆ ಹಳೆಯ ಮುಳ್ಳುತಂತಿಯೂ ಇರಬಹುದು, ಮೊದಲೇ ಹುಡುಕಿ ಕಿತ್ತುಹಾಕಿ.

ಹಲ್ಲಿನ ಸ್ಥಿತಿಯನ್ನು ಯಂತ್ರ ಉದುರಿಸುವ ಮರದ ಪುಡಿಯೇ ಹೇಳುತ್ತದೆ. ಹರಿತವಾದ ಹಲ್ಲು ಚಕ್ಕೆ ಎಬ್ಬಿಸುತ್ತದೆ, ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಹಿಡಿಕೆ ನಡುಗತೊಡಗಿದರೆ ಹಲ್ಲು ಮುರಿದಿರಬಹುದು ಅಥವಾ ಸಡಿಲಗೊಂಡಿರಬಹುದು. ತಕ್ಷಣ ನಿಲ್ಲಿಸಿ.

ಎಂಜಿನ್ ಆರಿಸಿದ ಮೇಲೂ ಹಲ್ಲು ಕೂರಿಸಿದ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಲ್ಲುವವರೆಗೆ ಕಾಯಿರಿ. ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ, ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್‌ನ ತಂತಿಯನ್ನೂ ಕಳಚಿ. ದಪ್ಪ ಕೈಗವಸು, ಕನ್ನಡಕ ಹಾಕಿಕೊಂಡು, ಚಕ್ರ ಹೊರಳದಂತೆ ಮರದ ತುಂಡು ಸಿಕ್ಕಿಸಿ.

ಈಗ ಬ್ಯಾಟರಿ ಬೆಳಕು ಬಿಟ್ಟು ಒಂದೊಂದೇ ಹಲ್ಲನ್ನು ನೋಡಿ. ಹಲ್ಲಿನ ತುದಿ ಕಾರ್ಬೈಡ್ ಎಂಬ ಅತಿ ಗಟ್ಟಿ ವಸ್ತುವಿನದು. ಅದರ ಹರಿತವಾದ ಅಂಚು ಹೊಳೆಯುವುದಿಲ್ಲ, ಸವೆದ ಅಂಚಿನಲ್ಲಿ ಸಣ್ಣ ಬಿಳಿ ಗೆರೆ ಮಿನುಗುತ್ತದೆ. ತುದಿ ಬರೀ ಮೊಂಡಾಗಿದ್ದರೆ ವಜ್ರದ ಚಕ್ರದಲ್ಲಿ ಸಾಣೆ ಹಿಡಿಸಬಹುದು, ಸಾಮಾನ್ಯ ಸಾಣೆಕಲ್ಲಿಗೆ ಕಾರ್ಬೈಡ್ ಜಗ್ಗುವುದಿಲ್ಲ. ಬಿರುಕು ಬಿಟ್ಟ, ಚಕ್ಕೆ ಎದ್ದ ಹಲ್ಲನ್ನು ಉಳಿಸಿಕೊಳ್ಳುವ ಆಸೆ ಬೇಡ. ಅದು ಗುಂಡಿನಂತೆ ಸಿಡಿಯುತ್ತದೆ.

ಬದಲಿಸುವಾಗ ಎದುರುಬದುರಿನ ಹಲ್ಲುಗಳನ್ನು ಜೋಡಿಯಾಗಿಯೇ ಬದಲಿಸಿ, ಇಲ್ಲವಾದರೆ ಚಕ್ರದ ತೂಕ ಒಂದು ಕಡೆ ವಾಲಿ ಬೇರಿಂಗ್ ಹಾಳಾಗುತ್ತದೆ. ಎಡದ ಹಲ್ಲು, ಬಲದ ಹಲ್ಲು ಬೇರೆಬೇರೆ ಇದ್ದರೆ ಬಿಚ್ಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಹಲ್ಲು ಕೂರುವ ಗುಳಿಯ ಶುಚಿಗೆ. ತಂತಿ ಬ್ರಷ್‌ನಿಂದ ಉಜ್ಜಿ ಕೆಂಪು ಮಣ್ಣನ್ನು ಪೂರ್ತಿ ತೆಗೆಯಿರಿ. ಒಮ್ಮೆ ನಾನು ಅವಸರದಲ್ಲಿ ಹಾಗೆಯೇ ಬಿಗಿದಿದ್ದೆ. ಪಾನಾ ತಿರುಗದಷ್ಟು ಗಟ್ಟಿಯೆನಿಸಿತ್ತು. ಆದರೆ ಬಿಗಿ ಹಿಡಿದಿದ್ದುದು ಬೋಲ್ಟ್ ಅಲ್ಲ, ಮರಳಿನ ಕಣ. ಎರಡನೆಯ ಬೊಡ್ಡೆಗೇ ಹಲ್ಲು ಅಲುಗಾಡಿತು.

ಹಳೆಯ ಬೋಲ್ಟ್ ಎಸೆದು ಹೊಸದನ್ನೇ ಹಾಕಿ. ಕೈಪಿಡಿ ಹೇಳದ ಹೊರತು ಎಣ್ಣೆ ಹಚ್ಚಬೇಡಿ, ಎಣ್ಣೆ ತಾಗಿದ ಬೋಲ್ಟ್ ಅದೇ ಬಲಕ್ಕೆ ಮಿತಿಮೀರಿ ಬಿಗಿಯಾಗುತ್ತದೆ. ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಗೆ ಟಾರ್ಕ್ ಪಾನಾದಿಂದಲೇ (ಬಿಗಿಯುವ ಬಲವನ್ನು ಅಳೆಯುವ ಪಾನಾ) ಬಿಗಿಯಿರಿ. ಮೊದಲ ಬೊಡ್ಡೆ ಮುಗಿದ ಕೂಡಲೇ ಯಂತ್ರ ಆರಿಸಿ, ಕೀಲಿ ತೆಗೆದು, ಪ್ರತಿ ಬೋಲ್ಟನ್ನೂ ಮತ್ತೊಮ್ಮೆ ಪರೀಕ್ಷಿಸಿ.